ಸಂಯಮವನ್ನೇ ಆಯುಧವಾಗಿಸಿಕೊಂಡ ಆರ್ಥರ್ ಆಶ್

ವಿಂಬಲ್ಡನ್ ಟೆನಿಸ್ ಟೂರ್ನಿ ಆರಂಭವಾದದ್ದು 1877ರಲ್ಲಿ. ಅಂದಿನಿಂದ ಇದುವರೆಗೆ ಅಲ್ಲಿ ಪುರುಷರ ಸಿಂಗಲ್ಸ್ ಪ್ರಶಸ್ತಿ ಗೆದ್ದಿರುವ ಕಪ್ಪು ವರ್ಣೀಯ ಆಟಗಾರ ಒಬ್ಬರೇ. ಅವರು ಅಮೆರಿಕದ ಆರ್ಥರ್ ಆಶ್. 1975ರ ಜುಲೈ 5ರಂದು ಆ ಪ್ರಶಸ್ತಿಯನ್ನು ಎತ್ತಿ ಹಿಡಿದಾಗ ಅವರಿಗೆ 32 ವರ್ಷ ತುಂಬಲು ಇನ್ನು ಐದೇ ದಿನ ಬಾಕಿ ಇತ್ತು.

ಬಹುತೇಕ ಆಟಗಾರರು ರ‍್ಯಾಕೆಟ್ ಕೆಳಗಿಡುವ ಯೋಚನೆ ಮಾಡುವ ವಯಸ್ಸಿನಲ್ಲಿ ಶಿಖರವೇರಿದ ಈ ವ್ಯಕ್ತಿಯ ಬದುಕನ್ನು ಎರಡು ಸಂಗತಿಗಳು ರೂಪಿಸಿದವು. ಒಂದು, ಹುಟ್ಟಿನಿಂದ ಬಂದ ಮೈಬಣ್ಣ. ಇನ್ನೊಂದು, ಎಳವೆಯಲ್ಲೇ ರೂಢಿಸಿಕೊಂಡ ಸಂಯಮ. ಆ ಸಂಯಮವನ್ನು ಬಿಳಿಯರು ಸಭ್ಯತೆಯೆಂದು ಹೊಗಳಿದರು. ಸ್ವಂತ ಸಮುದಾಯದ ಹಲವರು ಅದನ್ನು ಅಂಜುಬುರುಕತನವೆಂದು ಜರಿದರು. ಆಶ್ ಅವರ ಜೀವನ ಈ ಎರಡೂ ತೀರ್ಪುಗಳನ್ನು ಸುಳ್ಳಾಗಿಸುತ್ತದೆ.

ಉದ್ಯಾನದೊಳಗಿನ ಮನೆ

ಆಶ್ ಹುಟ್ಟಿದ್ದು 1943ರ ಜುಲೈ 10ರಂದು, ವರ್ಜೀನಿಯಾ ರಾಜ್ಯದ ರಾಜಧಾನಿ ರಿಚ್ಮಂಡ್‌ನಲ್ಲಿ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಬಡಿದಾಡಿದ ದಕ್ಷಿಣದ ರಾಜ್ಯಗಳಿಗೆ ರಾಜಧಾನಿಯಾಗಿದ್ದ ನಗರವದು. ಆಶ್ ಬಾಲ್ಯದ ದಿನಗಳಲ್ಲಿಯೂ ಶಾಲೆ, ಬಸ್ಸು, ಆಟದ ಮೈದಾನಗಳಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ಎಂಬ ವಿಭಜನೆ ಕಾನೂನಿನ ಬಲದಿಂದಲೇ ನಡೆಯುತ್ತಿತ್ತು.

ತಂದೆ ಆರ್ಥರ್ ಸೀನಿಯರ್ ಕಪ್ಪು ಜನರಿಗೆ ಮೀಸಲಾಗಿದ್ದ ಬ್ರೂಕ್ ಫೀಲ್ಡ್ ಉದ್ಯಾನದ ಮೇಲ್ವಿಚಾರಕ. ಉದ್ಯಾನದ ಒಳಗೇ ಕುಟುಂಬಕ್ಕೊಂದು ಪುಟ್ಟ ಮನೆ. ಹೊಸ್ತಿಲು ದಾಟಿದರೆ ಟೆನಿಸ್ ಅಂಕಣ, ಈಜುಕೊಳ, ಬೇಸ್‌ಬಾಲ್ ಮೈದಾನ. ಊರಿನ ಬಹುಪಾಲು ಕಪ್ಪು ಮಕ್ಕಳಿಗೆ ಇಲ್ಲದ ಭಾಗ್ಯ ಈ ಬಾಲಕನಿಗೆ ಹೀಗೆ ಒದಗಿತು.

1950ರಲ್ಲಿ ತಾಯಿ ಮ್ಯಾಟಿ ತೀರಿಕೊಂಡಾಗ ಆರ್ಥರ್‌ಗೆ ಆರು ವರ್ಷ. ತಮ್ಮ ಜಾನಿ ಇನ್ನೂ ಚಿಕ್ಕವನು. ಇಬ್ಬರು ಗಂಡುಮಕ್ಕಳನ್ನು ಬೆಳೆಸುವ ಹೊಣೆ ಹೊತ್ತ ತಂದೆ ಶಿಸ್ತಿನ ಮನುಷ್ಯ. ಶಾಲೆ ಬಿಟ್ಟ ಬಳಿಕ ಮಗ ಎಷ್ಟು ನಿಮಿಷದಲ್ಲಿ ಮನೆ ಸೇರಬೇಕೆಂಬುದನ್ನೂ ಅವರು ಲೆಕ್ಕ ಹಾಕಿಟ್ಟಿದ್ದರು. ಬಿಳಿಯರ ಕಣ್ಣಿಗೆ ತಪ್ಪಿತಸ್ಥನಾಗಿ ಕಂಡ ಕಪ್ಪು ಹುಡುಗನಿಗೆ ಆ ಊರಿನಲ್ಲಿ ಎರಡನೇ ಅವಕಾಶ ಸಿಗುವುದಿಲ್ಲವೆಂದು ಬಲ್ಲ ತಂದೆಯ ಎಚ್ಚರಿಕೆ ಅದು.

ಬಡಕಲು ದೇಹದ ಆರ್ಥರ್ ಏಳರ ಹರೆಯದ ಹೊತ್ತಿಗೆ ರ‍್ಯಾಕೆಟ್ ಹಿಡಿದ. ಉದ್ಯಾನಕ್ಕೆ ಅಭ್ಯಾಸಕ್ಕೆ ಬರುತ್ತಿದ್ದ ಕಾಲೇಜು ವಿದ್ಯಾರ್ಥಿ ರಾನ್ ಚಾರಿಟಿ ಮೊದಲ ಗುರುವಾದರು. ಹುಡುಗನ ಕೈಯಲ್ಲಿ ಏನೋ ಇದೆ ಎಂದು ಮೊದಲು ಗುರುತಿಸಿದವರೂ ಅವರೇ. ತಾವು ಕಲಿಸಬಲ್ಲದ್ದು ಮುಗಿಯಿತು ಎನ್ನಿಸಿದಾಗ ಚಾರಿಟಿ ಅವನನ್ನು ಲಿಂಚ್‌ಬರ್ಗ್‌ನ ವೈದ್ಯ ರಾಬರ್ಟ್ ವಾಲ್ಟರ್ ಜಾನ್ಸನ್ ಬಳಿಗೆ ಕಳುಹಿಸಿದರು.

ಡಾಕ್ಟರ ಅಂಗಳದ ಪಾಠಶಾಲೆ

ಜಾನ್ಸನ್ ಹೆಸರು ಅಮೆರಿಕದ ಟೆನಿಸ್ ಇತಿಹಾಸದಲ್ಲಿ ಮರೆಯುವಂಥದ್ದಲ್ಲ. ಬಿಳಿಯರ ಕ್ಲಬ್ಬುಗಳಿಗೆ ಪ್ರವೇಶವಿಲ್ಲದ ಕಪ್ಪು ಮಕ್ಕಳಿಗಾಗಿ ಅವರು ತಮ್ಮ ಮನೆಯ ಅಂಗಳದಲ್ಲೇ ಅಂಕಣ ಹಾಕಿಸಿ, ಪ್ರತಿ ಬೇಸಿಗೆಯಲ್ಲೂ ಶಿಬಿರ ನಡೆಸುತ್ತಿದ್ದರು. 1957 ಮತ್ತು 1958ರಲ್ಲಿ ವಿಂಬಲ್ಡನ್ ಮಹಿಳಾ ಪ್ರಶಸ್ತಿ ಗೆದ್ದ ಅಲ್ತಿಯಾ ಗಿಬ್ಸನ್ ಅವರ ಬೆನ್ನಿಗೆ ನಿಂತವರೂ ಇದೇ ಜಾನ್ಸನ್. 1953ರಿಂದ ಆರ್ಥರ್ ಪ್ರತಿ ಬೇಸಿಗೆಯಲ್ಲೂ ಈ ಶಿಬಿರದ ವಿದ್ಯಾರ್ಥಿಯಾದ.

ಮೊದಲ ದಿನಗಳಲ್ಲೇ ಒಂದು ಘರ್ಷಣೆ. ಹೊಡೆತದ ರೀತಿ ಬದಲಿಸಿಕೊಳ್ಳಲು ಹೇಳಿದರೆ ಹುಡುಗ ಒಪ್ಪಲಿಲ್ಲ. ಚಾರಿಟಿ ಕಲಿಸಿದ್ದು ಹೀಗಲ್ಲ ಎಂಬುದು ಅವನ ವಾದ. ಜಾನ್ಸನ್ ತಂದೆಗೆ ಸುದ್ದಿ ಮುಟ್ಟಿಸಿದರು. ತಂದೆ ರಿಚ್ಮಂಡ್‌ನಿಂದ ಕಾರಿನಲ್ಲಿ ಬಂದು, ಇನ್ನು ಮುಂದೆ ಡಾಕ್ಟರು ಹೇಳಿದ್ದೇ ಕೊನೆ ಎಂದು ಮಗನಿಗೆ ತಿಳಿಹೇಳಿ ಹೋದರು. ಆ ಮೇಲೆ ಎದುರು ಮಾತು ಬರಲಿಲ್ಲ.

ಜಾನ್ಸನ್ ಕಲಿಸಿದ್ದು ಬರೀ ಹೊಡೆತಗಳನ್ನಲ್ಲ. ಎದುರಾಳಿಯ ಚೆಂಡು ಗೆರೆಯಿಂದ ಎರಡು ಅಂಗುಲ ಆಚೆ ಬಿದ್ದರೂ ಒಳಗೇ ಬಿದ್ದಿದೆಯೆಂದು ತಿಳಿದು ಆಡಬೇಕು. ಅಂಕಣ ಬದಲಿಸುವಾಗ ಚೆಂಡುಗಳನ್ನು ಹೆಕ್ಕಿ ಎದುರಾಳಿಗೆ ಕೊಡಬೇಕು. ಅಂಪೈರ್ ಜತೆ ವಾದ ಕೂಡದು, ಮುಖದಲ್ಲಿ ಸಿಟ್ಟು ಕಾಣಿಸಲೂ ಕೂಡದು. ಕಪ್ಪು ಹುಡುಗ ಮೋಸ ಮಾಡಿದ, ಗಲಾಟೆ ಮಾಡಿದ ಎಂಬ ನೆಪ ಸಿಕ್ಕರೆ ಟೂರ್ನಿಯ ಬಾಗಿಲು ಅವನೊಬ್ಬನಿಗಲ್ಲ, ಅವನ ಹಿಂದೆ ಬರುವ ಎಲ್ಲರಿಗೂ ಮುಚ್ಚುತ್ತದೆ ಎಂಬುದು ಗುರುವಿನ ಲೆಕ್ಕಾಚಾರವಾಗಿತ್ತು.

ಆದರೆ ಎಷ್ಟೇ ಸಭ್ಯನಾಗಿದ್ದರೂ ಸ್ವಂತ ಊರಿನ ಬಾಗಿಲು ತೆರೆಯಲಿಲ್ಲ. ರಿಚ್ಮಂಡ್‌ನ ಬರ್ಡ್ ಪಾರ್ಕ್‌ನ ಅಂಕಣಗಳು ಬಿಳಿಯರಿಗೆ ಮಾತ್ರ. ಚಳಿಗಾಲದಲ್ಲಿ ಆಡಲು ಬೇಕಾದ ಒಳಾಂಗಣ ಅಂಕಣಗಳೂ ಅವನ ಪಾಲಿಗಿರಲಿಲ್ಲ. ಹೀಗಾಗಿ 1960ರಲ್ಲಿ, ಪ್ರೌಢಶಾಲೆಯ ಕೊನೆಯ ವರ್ಷಕ್ಕೆ, ಜಾನ್ಸನ್ ಅವನನ್ನು ಸೇಂಟ್ ಲೂಯಿಸ್ ನಗರದ ಸಮ್ನರ್ ಶಾಲೆಗೆ ಸೇರಿಸಿದರು. ಅಲ್ಲಿ ತಮ್ಮ ಗೆಳೆಯ, ಶಿಕ್ಷಕ ರಿಚರ್ಡ್ ಹಡ್ಲಿನ್ ಮನೆಯಲ್ಲಿ ವಾಸಕ್ಕೆ ವ್ಯವಸ್ಥೆ ಮಾಡಿದರು. ಮರದ ನೆಲಹಾಸಿನ ಒಳಾಂಗಣದಲ್ಲಿ ಚೆಂಡು ಮಿಂಚಿನಂತೆ ಬರುತ್ತಿತ್ತು. ಆಶ್ ಅವರ ಸರ್ವ್ ಮತ್ತು ವಾಲಿಗೆ ವೇಗ ಬಂದದ್ದು ಇಲ್ಲಿ. ಅದೇ ವರ್ಷ ರಾಷ್ಟ್ರೀಯ ಕಿರಿಯರ ಒಳಾಂಗಣ ಪ್ರಶಸ್ತಿ ಅವರದಾಯಿತು.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ವಿದ್ಯಾರ್ಥಿವೇತನ ನೀಡಿ ಬರಮಾಡಿಕೊಂಡಿತು. ಅಲ್ಲಿಯೂ ಒಂದು ಕ್ಲಬ್ಬು ಇಡೀ ತಂಡವನ್ನು ಟೂರ್ನಿಗೆ ಆಹ್ವಾನಿಸಿ ಆಶ್ ಒಬ್ಬರನ್ನೇ ಹೊರಗಿಟ್ಟಿದ್ದುಂಟು. 1963ರಲ್ಲಿ ಅವರು ಅಮೆರಿಕದ ಡೇವಿಸ್ ಕಪ್ ತಂಡಕ್ಕೆ ಆಯ್ಕೆಯಾದ ಮೊದಲ ಕಪ್ಪು ವರ್ಣೀಯರಾದರು. 1965ರಲ್ಲಿ ಅಂತರ ಕಾಲೇಜು ಸಿಂಗಲ್ಸ್ ಪ್ರಶಸ್ತಿ ಗೆದ್ದು, ಮರುವರ್ಷ ವಾಣಿಜ್ಯ ಆಡಳಿತದಲ್ಲಿ ಪದವಿ ಪಡೆದು ಸೇನೆಗೆ ಸೇರಿದರು.

14 ಸಾವಿರ ಡಾಲರ್ ಬೇರೆಯವರಿಗೆ

1968 ಅಮೆರಿಕ ಹೊತ್ತಿ ಉರಿದ ವರ್ಷ. ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ ಹತ್ಯೆಯಾದರು. ಕಪ್ಪು ಕ್ರೀಡಾಪಟುಗಳು ಬೀದಿಗಿಳಿದು ಪ್ರತಿಭಟಿಸುತ್ತಿದ್ದ ಆ ದಿನಗಳಲ್ಲಿ ಬಿಳಿ ಉಡುಪಿನ ಆಟವಾಡುವ ಲೆಫ್ಟಿನೆಂಟ್ ಆಶ್ ಏಕೆ ಸುಮ್ಮನಿದ್ದಾರೆ ಎಂಬ ಪ್ರಶ್ನೆ ಎದ್ದಿತ್ತು. ಆದರೆ ಅದೇ ಮಾರ್ಚ್‌ನಲ್ಲಿ ವಾಷಿಂಗ್ಟನ್‌ನ ಚರ್ಚೊಂದರಲ್ಲಿ ಅವರು ಕಪ್ಪು ಕ್ರೀಡಾಪಟುಗಳ ಸಾಮಾಜಿಕ ಹೊಣೆಯ ಕುರಿತು ಮೊದಲ ಬಾರಿ ಭಾಷಣ ಮಾಡಿ ಸೇನೆಯ ಮೇಲಧಿಕಾರಿಗಳಿಂದ ಎಚ್ಚರಿಕೆಯನ್ನೂ ಪಡೆದಿದ್ದರು.

ಆ ವರ್ಷವೇ ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಟ್ಟಿಗೇ ಆಡುವ ಅವಕಾಶ ದೊರೆತು, ಅಮೆರಿಕ ಓಪನ್ ಆರಂಭವಾಯಿತು. ಫಾರೆಸ್ಟ್ ಹಿಲ್ಸ್‌ನ ಹುಲ್ಲಿನಂಕಣದಲ್ಲಿ ನಡೆದ ಫೈನಲ್‌ನಲ್ಲಿ ಆಶ್ ನೆದರ್ಲೆಂಡ್ಸ್‌ನ ಟಾಮ್ ಓಕರ್ ಅವರನ್ನು 14-12, 5-7, 6-3, 3-6, 6-3ರಿಂದ ಮಣಿಸಿದರು. ಸಿಡಿಸಿದ ಏಸ್‌ಗಳು 26. ಅದಕ್ಕೆ ಕೆಲವೇ ದಿನ ಮೊದಲು ರಾಷ್ಟ್ರೀಯ ಹವ್ಯಾಸಿ ಪ್ರಶಸ್ತಿಯನ್ನೂ ಗೆದ್ದಿದ್ದರು. ಒಂದೇ ವರ್ಷ ಈ ಎರಡನ್ನೂ ಗೆದ್ದ ಪುರುಷ ಆಟಗಾರ ಅವರೊಬ್ಬರೇ.

ಹವ್ಯಾಸಿಯಾಗಿದ್ದ ಕಾರಣ ಬಹುಮಾನದ ಹಣ ಮುಟ್ಟುವಂತಿರಲಿಲ್ಲ. 14 ಸಾವಿರ ಡಾಲರ್ ಸೋತ ಓಕರ್ ಜೇಬು ಸೇರಿತು. ಚಾಂಪಿಯನ್‌ಗೆ ದಕ್ಕಿದ್ದು ದಿನಕ್ಕೆ 20 ಡಾಲರ್ ಭತ್ಯೆ. ಪ್ರಶಸ್ತಿ ಪ್ರದಾನದ ವೇಳೆ ಉದ್ಯಾನ ಕಾಯ್ದ ತಂದೆ ಮಗನ ಪಕ್ಕದಲ್ಲಿ ಅಂಕಣದ ಮೇಲೆ ನಿಂತಿದ್ದರು. ತಮ್ಮ ಜಾನಿ ಮಾತ್ರ ಇನ್ನೊಂದು ಬಗೆಯಲ್ಲಿ ಈ ಗೆಲುವಿಗೆ ಬೆಲೆ ತೆತ್ತಿದ್ದರು. ಅಣ್ಣನನ್ನು ಯುದ್ಧಭೂಮಿಗೆ ಕಳುಹಿಸದಿರಲೆಂದು ಅವರು ವಿಯೆಟ್ನಾಂನಲ್ಲಿ ಎರಡನೇ ಬಾರಿ ಸೇವೆ ಸಲ್ಲಿಸಲು ಮುಂದಾಗಿದ್ದರು.

ಜೋಹಾನ್ಸ್‌ಬರ್ಗ್ ಪರೀಕ್ಷೆ

1969ರಲ್ಲಿ ವೃತ್ತಿಪರರಾದ ಆಶ್, 1970ರಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದರು. ಇದೇ ಕಾಲದಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಆಡಲು ವೀಸಾ ಕೋರಿ ಎರಡು ಬಾರಿ ನಿರಾಕರಣೆಗೊಳಗಾದರು. ವರ್ಣಭೇದ ನೀತಿಯ ಆ ದೇಶವನ್ನು 1970ರಲ್ಲಿ ಡೇವಿಸ್ ಕಪ್‌ನಿಂದ ಹೊರಹಾಕುವ ಒತ್ತಾಯದಲ್ಲಿ ಅವರ ದನಿಯೂ ಸೇರಿತ್ತು.

ಕೊನೆಗೆ 1973ರಲ್ಲಿ ವೀಸಾ ಸಿಕ್ಕಿತು. ತಮ್ಮನ್ನು ಗೌರವ ಬಿಳಿಯ ಎಂದು ಪರಿಗಣಿಸಬಾರದು, ಪ್ರೇಕ್ಷಕರನ್ನು ಬಣ್ಣದ ಆಧಾರದಲ್ಲಿ ಬೇರ್ಪಡಿಸಬಾರದು ಎಂಬ ಷರತ್ತು ಹಾಕಿ ಅವರು ಜೋಹಾನ್ಸ್‌ಬರ್ಗ್‌ಗೆ ಹೋದರು. ಸಿಂಗಲ್ಸ್ ಫೈನಲ್‌ನಲ್ಲಿ ಜಿಮ್ಮಿ ಕಾನರ್ಸ್‌ಗೆ ಸೋತರು. ಓಕರ್ ಜತೆಗೂಡಿ ಡಬಲ್ಸ್ ಗೆದ್ದರು. ದಮನಕಾರಿ ಸರ್ಕಾರಕ್ಕೆ ಮನ್ನಣೆ ಕೊಟ್ಟರೆಂದು ಕಪ್ಪು ಹೋರಾಟಗಾರರು ಟೀಕಿಸಿದರು.

ಮರುವರ್ಷ ಭಾರತ ತುಳಿದದ್ದು ಬೇರೆ ಹಾದಿ. 1974ರ ಡೇವಿಸ್ ಕಪ್ ಫೈನಲ್‌ನಲ್ಲಿ ವಿಜಯ್ ಮತ್ತು ಆನಂದ್ ಅಮೃತರಾಜ್ ಅವರಿದ್ದ ತಂಡಕ್ಕೆ ಎದುರಾದದ್ದು, ಟೂರ್ನಿಗೆ ಮರಳಿದ್ದ ದಕ್ಷಿಣ ಆಫ್ರಿಕಾ. ಭಾರತ ಆಡಲು ನಿರಾಕರಿಸಿ ಕಪ್ ಬಿಟ್ಟುಕೊಟ್ಟಿತು. ಒಳಹೊಕ್ಕು ಬಾಗಿಲು ತೆರೆಸುವುದೋ, ಹೊರಗೆ ನಿಂತು ಬಹಿಷ್ಕರಿಸುವುದೋ ಎಂಬ ಈ ಪ್ರಶ್ನೆಯಲ್ಲಿ ಆಶ್ ಕೂಡ ಕ್ರಮೇಣ ಎರಡನೆಯದರತ್ತ ವಾಲಿದರು. 1983ರಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜತೆ ಸೇರಿ ವರ್ಣಭೇದದ ವಿರುದ್ಧ ಕಲಾವಿದರ ಮತ್ತು ಕ್ರೀಡಾಪಟುಗಳ ಸಂಘಟನೆ ಕಟ್ಟಿದರು. 1985ರಲ್ಲಿ ವಾಷಿಂಗ್ಟನ್‌ನ ದಕ್ಷಿಣ ಆಫ್ರಿಕಾ ರಾಯಭಾರ ಕಚೇರಿ ಎದುರು ಪ್ರತಿಭಟಿಸಿ ಬಂಧನಕ್ಕೊಳಗಾದರು.

ಶಿಖರದ ಮೇಲೆ

1975ರ ವಿಂಬಲ್ಡನ್ ಫೈನಲ್‌ನಲ್ಲಿ ಎದುರಿಗಿದ್ದವರು ಮತ್ತೆ ಕಾನರ್ಸ್. ವಯಸ್ಸು 22, ಹಾಲಿ ಚಾಂಪಿಯನ್, ಫೈನಲ್‌ವರೆಗೆ ಒಂದೂ ಸೆಟ್ ಸೋತಿರಲಿಲ್ಲ. ಡೇವಿಸ್ ಕಪ್ ಆಡದ ಕಾನರ್ಸ್ ಅವರನ್ನು ಆಶ್ ಟೀಕಿಸಿದ್ದರು. ಕಾನರ್ಸ್ ಮಾನನಷ್ಟ ಮೊಕದ್ದಮೆ ಹೂಡಿದ್ದರು. ಅಮೆರಿಕ ತಂಡದ ಜಾಕೆಟ್ ಧರಿಸಿ ಆಶ್ ಅಂಕಣಕ್ಕೆ ಬಂದಾಗ ಅದರ ಅರ್ಥ ಬಲ್ಲವರಿಗೆ ಹೊಳೆಯದೆ ಇರಲಿಲ್ಲ.

ಆಶ್ ಗೆಲ್ಲುತ್ತಾರೆಂದು ನಂಬಿದವರು ಕಡಿಮೆ. ಬಿರುಸಿನ ಹೊಡೆತಕ್ಕೆ ಹೆಸರಾದ ಅವರು ಅಂದು ತಮ್ಮ ಆಟವನ್ನೇ ಬದಲಿಸಿದರು. ಎದುರಾಳಿಯ ವೇಗವನ್ನೇ ಉಂಡು ಬೆಳೆಯುವ ಕಾನರ್ಸ್‌ಗೆ ವೇಗವನ್ನೇ ಕೊಡಲಿಲ್ಲ. ಮೆಲ್ಲನೆ, ತಗ್ಗಿಗೆ ಇಳಿಯುವ ಚೆಂಡು. ಎರಡು ಕೈಯ ಬ್ಯಾಕ್‌ಹ್ಯಾಂಡ್‌ಗೆ ಎಟುಕದಂತೆ ಅಗಲಕ್ಕೆ ಸರಿಯುವ ಸರ್ವ್. ಮುಂದೆ ನುಗ್ಗಿದಾಗ ತಲೆ ಮೇಲಿಂದ ಹಾರುವ ಲಾಬ್. ಮೊದಲ ಎರಡು ಸೆಟ್ 6-1, 6-1. ಮೂರನೆಯದನ್ನು ಕಾನರ್ಸ್ 7-5ರಿಂದ ಗೆದ್ದು ನಾಲ್ಕನೆಯದರಲ್ಲಿ 3-0 ಮುಂದಾದರು. ಅಂಕಣ ಬದಲಿಸುವ ವಿರಾಮದಲ್ಲಿ ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿರುತ್ತಿದ್ದ ಆಶ್ ಆಗಲೂ ಕದಲಲಿಲ್ಲ. ಆಟದ ತಂತ್ರವನ್ನೂ ಬಿಡಲಿಲ್ಲ. 6-4ರಿಂದ ಸೆಟ್ ಗೆದ್ದರು. ಲಿಂಚ್‌ಬರ್ಗ್ ಅಂಗಳದಲ್ಲಿ ಅವಮಾನ ನುಂಗಲು ಕಲಿತ ಸಂಯಮ ಅಂದು ಗೆಲುವಿನ ತಂತ್ರವಾಗಿ ಫಲಿಸಿತು.

ಕೊನೆಯ ಆಟ

1977ರಲ್ಲಿ ಆಶ್ ಛಾಯಾಗ್ರಾಹಕಿ ಜೀನ್ ಮುಟುಸಾಮಿ ಅವರನ್ನು ವರಿಸಿದರು. 1979ರಲ್ಲಿ ಹೃದಯಾಘಾತ, ಅದೇ ಡಿಸೆಂಬರ್‌ನಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆ, 1980ರಲ್ಲಿ ನಿವೃತ್ತಿ. ಡೇವಿಸ್ ಕಪ್ ತಂಡದ ನಾಯಕತ್ವ ವಹಿಸಿ 1981 ಮತ್ತು 1982ರಲ್ಲಿ ಕಪ್ ಗೆದ್ದುಕೊಟ್ಟರು. 1983ರಲ್ಲಿ ಎರಡನೇ ಬಾರಿ ಶಸ್ತ್ರಚಿಕಿತ್ಸೆ ನಡೆಯಿತು. ಆಗ ಪಡೆದ ರಕ್ತದಿಂದಲೇ ಎಚ್‌ಐವಿ ಸೋಂಕು ತಗುಲಿತೆಂದು ನಂಬಲಾಗಿದೆ. ಸೋಂಕು ಪತ್ತೆಯಾದದ್ದು 1988ರಲ್ಲಿ.

ಪುಟ್ಟ ಮಗಳ ಬಾಲ್ಯಕ್ಕೆ ಧಕ್ಕೆಯಾಗದಿರಲೆಂದು ದಂಪತಿ ವಿಷಯವನ್ನು ಗುಟ್ಟಾಗಿಟ್ಟಿದ್ದರು. 1992ರಲ್ಲಿ ಪತ್ರಿಕೆಯೊಂದು ಜಾಡು ಹಿಡಿದಾಗ ಅನ್ಯಮಾರ್ಗವಿಲ್ಲದೆ ಏಪ್ರಿಲ್ 8ರಂದು ಅವರೇ ಬಹಿರಂಗಪಡಿಸಿದರು. ಖ್ಯಾತರ ಕಾಯಿಲೆ ಸಾರ್ವಜನಿಕ ಸುದ್ದಿಯೇ ಎಂಬ ಚರ್ಚೆ ಆಗ ಅಮೆರಿಕದ ಪತ್ರಿಕಾಲಯಗಳನ್ನು ಅಲುಗಾಡಿಸಿತು. ಉಳಿದ ಹತ್ತು ತಿಂಗಳನ್ನು ಅವರು ದುಃಖದಲ್ಲಿ ಕಳೆಯಲಿಲ್ಲ. ಏಡ್ಸ್ ವಿರುದ್ಧ ಪ್ರತಿಷ್ಠಾನ ಸ್ಥಾಪಿಸಿದರು. ಸೆಪ್ಟೆಂಬರ್‌ನಲ್ಲಿ ಹೈಟಿ ನಿರಾಶ್ರಿತರ ಪರವಾಗಿ ಶ್ವೇತಭವನದ ಎದುರು ಪ್ರತಿಭಟಿಸಿ ಮತ್ತೊಮ್ಮೆ ಬಂಧಿತರಾದರು. 1993ರ ಫೆಬ್ರವರಿ 6ರಂದು, 49ನೇ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ನಿಧನರಾದರು.

ಪಾರ್ಥಿವ ಶರೀರವನ್ನು ರಿಚ್ಮಂಡ್‌ನ ರಾಜ್ಯಪಾಲರ ನಿವಾಸದಲ್ಲಿ ಸಾರ್ವಜನಿಕ ದರ್ಶನಕ್ಕಿಡಲಾಯಿತು. ಬರ್ಡ್ ಪಾರ್ಕ್‌ನಲ್ಲಿ ಆಡಲು ಬಿಡದ ಊರಿನಲ್ಲಿ ಸಾವಿರಾರು ಮಂದಿ ಸಾಲುಗಟ್ಟಿ ನಿಂತರು. ತಾಯಿಯ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಲಾಯಿತು.

ನ್ಯೂಯಾರ್ಕ್‌ನಲ್ಲಿ ಅಮೆರಿಕ ಓಪನ್ ಫೈನಲ್ ನಡೆಯುವ ಮುಖ್ಯ ಕ್ರೀಡಾಂಗಣಕ್ಕೆ 1997ರಿಂದ ಅವರ ಹೆಸರಿದೆ. ರಿಚ್ಮಂಡ್‌ನ ಮಾನ್ಯುಮೆಂಟ್ ಅವೆನ್ಯೂದಲ್ಲಿ, ಗುಲಾಮಗಿರಿಯ ಪರ ಹೋರಾಡಿದ ಸೇನಾನಿಗಳ ಪ್ರತಿಮೆಗಳ ಸಾಲಿನಲ್ಲೇ, 1996ರಲ್ಲಿ ಆಶ್ ಪ್ರತಿಮೆ ನಿಂತಾಗ ಊರಿನಲ್ಲಿ ದೊಡ್ಡ ವಿವಾದವೇ ನಡೆದಿತ್ತು. ಆ ಸೇನಾನಿಗಳ ಪ್ರತಿಮೆಗಳನ್ನು 2020 ಮತ್ತು 2021ರಲ್ಲಿ ತೆಗೆದುಹಾಕಲಾಯಿತು. ಆಶ್ ಪ್ರತಿಮೆ ಉಳಿದಿದೆ. ಅದರ ಸುತ್ತ ಮಕ್ಕಳಿದ್ದಾರೆ. ಆಶ್ ಅವರ ಒಂದು ಕೈಯಲ್ಲಿ ರ‍್ಯಾಕೆಟ್, ಇನ್ನೊಂದರಲ್ಲಿ ಪುಸ್ತಕಗಳು. ಎತ್ತರದಲ್ಲಿರುವುದು ಪುಸ್ತಕ ಹಿಡಿದ ಕೈ.