ಶಿಲಾಲಿಪಿಗಳಿಗೆ ಮರುಜನ್ಮವಿತ್ತ ಬಿ.ಎಲ್. ರೈಸ್

ಬಿಂಬವನ್ನು ಮತ್ತೊಮ್ಮೆ ಎರಕ ಹೊಯ್ಯಲು ಅಚ್ಚು ಬೇಕಾಗುವಂತೆ, ಬಂಡೆಯ ಮೇಲಣ ಲಿಪಿಯನ್ನು ವಿದ್ವಾಂಸರಿದ್ದೆಡೆಗೆ ಒಯ್ಯಲು ಪಡಿಯಚ್ಚು ಬೇಕು. ಶಿಲೆಯನ್ನು ತೊಳೆದು, ಒದ್ದೆ ಕಾಗದವನ್ನು ಹೊದಿಸಿ, ಅದು ಅಕ್ಷರಗಳ ಕುಳಿಗೆ ಇಳಿಯುವಂತೆ ಕುಂಚದಿಂದ ಬಡಿದು, ಮೇಲೆ ಮಸಿಯೊತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಮೂಲಶಿಲೆಗೆ ಕಿಂಚಿತ್ತೂ ಊನವಾಗದು.

ಮೈಸೂರು ಸೀಮೆಯ ಶಾಸನಗಳನ್ನು ನಕಲು ಮಾಡಿಸಿ ಲೋಕಕ್ಕೆ ತೆರೆದಿಟ್ಟ ಮಹನೀಯರು ಬೆಂಜಮಿನ್ ಲೂಯಿ ರೈಸ್. ಲಂಡನ್ ಮಿಷನ್ನಿನ ಪಾದ್ರಿಗಳ ಪುತ್ರರಾಗಿ 1837ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು ವಿದ್ಯಾ ಇಲಾಖೆಯಲ್ಲಿ ಸೇವೆ ಸಲ್ಲಿಸಿದರು. ಮೇಜರ್ ಡಿಕ್ಸನ್ ತೆಗೆದ ಛಾಯಾಚಿತ್ರಗಳನ್ನು ಆಧರಿಸಿ 1879ರಲ್ಲಿ ಶಾಸನಗಳ ಅನುವಾದಗಳನ್ನು ಪ್ರಕಟಿಸಿದರು. ಆ ಕಾರ್ಯವೇ ಮುಂದೆ 12 ಸಂಪುಟಗಳ ಎಪಿಗ್ರಾಫಿಯ ಕರ್ನಾಟಿಕವಾಗಿ ಬೆಳೆದು, ಸುಮಾರು 9,000 ಶಾಸನಗಳನ್ನು ಒಳಗೊಂಡಿತು.

ಜೈನ ಸಮಾಜವು ವಿಶೇಷವಾಗಿ ಸ್ಮರಿಸಬೇಕಾದುದು 1889ರ ಶ್ರವಣಬೆಳಗೊಳ ಸಂಪುಟವನ್ನು. ಚಂದ್ರಗಿರಿಯ ಬಂಡೆಗಳಲ್ಲಿ ಗಾಳಿಮಳೆಗೆ ಸವೆಯುತ್ತಿದ್ದ ಸಲ್ಲೇಖನದ ಲಿಪಿಗಳೂ ಭದ್ರಬಾಹು ಸ್ವಾಮಿಗಳನ್ನು ನೆನೆಯುವ ಶಾಸನವೂ ಸೇರಿದಂತೆ 144 ಶಾಸನಗಳು ಅದರಲ್ಲಿ ಬೆಳಕು ಕಂಡವು. ರೈಸರ ಉತ್ತರಾಧಿಕಾರಿ ಆರ್. ನರಸಿಂಹಾಚಾರ್ಯರು 1923ರ ಪರಿಷ್ಕರಣದಲ್ಲಿ ಅವುಗಳನ್ನು 500ಕ್ಕೆ ಏರಿಸಿದರು. ಸಿ.ವಿ. ರಾಮನ್ ನಗರಕ್ಕೆ ಸಮೀಪದ ದೊಮ್ಮಲೂರಿನ ಶಾಸನಗಳು 1905ರ ಬೆಂಗಳೂರು ಸಂಪುಟದಲ್ಲಿವೆ. ಆದಿಕವಿ ಪಂಪನ ಭಾರತವನ್ನು ಮೊದಲು ಅಚ್ಚು ಹಾಕಿಸಿದವರೂ ರೈಸರೇ.

1906ರಲ್ಲಿ ನಿವೃತ್ತರಾದ ಅವರು 1927ರಲ್ಲಿ ಇಂಗ್ಲೆಂಡಿನಲ್ಲಿ ಕಾಲವಾದರು. ಶಿಲೆ ಒಡೆದರೂ ಅದರ ಪಡಿಯಚ್ಚು ಮಾತನಾಡುತ್ತದೆ. ಬಸದಿಗಳ ಜೀರ್ಣೋದ್ಧಾರಕ್ಕೆ ಕೈಯಿಡುವ ಮುನ್ನ ಹಳೆಯ ಶಾಸನಗಳ ಪಡಿಯಚ್ಚು ತೆಗೆಸಿಡುವುದೂ ಶ್ರುತಸೇವೆಯೇ ಸರಿ.