ಅಣ್ಣನ ಬದಲಿಗೆ ಹೊರಟ ತಮ್ಮ: ಮೊಲೊಕಾಯಿ ದ್ವೀಪದ ಫಾದರ್ ಡೇಮಿಯನ್

ಕುಷ್ಠರೋಗಿಗಳ ನಡುವೆ ಬದುಕಿ ಅದೇ ರೋಗದಿಂದ ತೀರಿಕೊಂಡ ಫಾದರ್ ಡೇಮಿಯನ್ ಅವರ ಹೆಸರನ್ನು ಚರ್ಚಿಗೆ ಹೋಗುವವರು ಒಮ್ಮೆಯಾದರೂ ಕೇಳಿರ್ತಾರೆ. ಈಗ ಅವರು ಸಂತ. ಆದರೆ ಬದುಕಿದ್ದಾಗ ಅವರ ಸಭೆಯ ಹಿರಿಯರಿಗೇ ಒಂದು ಅನುಮಾನ ಕಾಡುತ್ತಿತ್ತು: ಈ ಮನುಷ್ಯ ಇದನ್ನೆಲ್ಲ ಮಾಡ್ತಿರೋದು ದೇವರಿಗಾಗಿಯಾ, ರೋಗಿಗಳಿಗಾಗಿಯಾ, ಇಲ್ಲಾ ಹೆಸರಿಗಾಗಿಯಾ?

ಬೆಲ್ಜಿಯಂನ ಟ್ರೆಮೆಲೊ ಹಳ್ಳಿಯಲ್ಲಿ 1840ರ ಜನವರಿ 3ರಂದು ಹುಟ್ಟಿದಾಗ ಅವರ ಹೆಸರು ಜೋಸೆಫ್. ರೈತಾಪಿ ಮನೆ, ಜೊತೆಗೆ ಧಾನ್ಯದ ವ್ಯಾಪಾರ. ಮಗ ವ್ಯಾಪಾರ ನೋಡಿಕೊಳ್ಳಲಿ ಅಂತ ಅಪ್ಪ ಫ್ರೆಂಚ್ ಕಲಿಯಲು ಕಳಿಸಿದರು. ಹುಡುಗ ಮಾತ್ರ ಅಣ್ಣನ ದಾರಿ ಹಿಡಿದು ಮಠ ಸೇರಿದ. ಓದು ಸಾಲದು, ಪಾದ್ರಿಯಾಗುವ ಯೋಗ್ಯತೆ ಇಲ್ಲ ಅಂದರು. ಲ್ಯಾಟಿನ್ ಕಲಿಸಿದ್ದು ಅಣ್ಣ ಪ್ಯಾಂಫಿಲ್.

1863ರಲ್ಲಿ ಹವಾಯಿಗೆ ಹೊರಡಬೇಕಾಗಿದ್ದವರು ಅದೇ ಅಣ್ಣ. ಅಷ್ಟರಲ್ಲಿ ಅವರಿಗೆ ಟೈಫಸ್ ಜ್ವರ ಬಂತು. ತಮ್ಮ ಸುಮ್ಮನಿರಲಿಲ್ಲ. ಸ್ಥಳೀಯ ಹಿರಿಯರನ್ನು ದಾಟಿ ನೇರವಾಗಿ ಪ್ಯಾರಿಸ್‌ನಲ್ಲಿದ್ದ ಮುಖ್ಯಸ್ಥರಿಗೇ ಕಾಗದ ಬರೆದು ಅಣ್ಣನ ಜಾಗ ಕೇಳಿದರು, ಗಿಟ್ಟಿಸಿಕೊಂಡರು. ಅದರಲ್ಲಿ ಭಕ್ತಿ ಎಷ್ಟು, ಉತ್ಸಾಹ ಎಷ್ಟು, ಅಣ್ಣನಿಗಿಂತ ತಾನೇನು ಕಡಿಮೆ ಅನ್ನೋ ಛಲ ಎಷ್ಟು ಅಂತ ತೂಗಿ ಹೇಳೋಕಾಗಲ್ಲ. ಇಪ್ಪತ್ಮೂರರ ಹುಡುಗನಿಗೂ ಅದು ಗೊತ್ತಿದ್ದಿರಲಿಕ್ಕಿಲ್ಲ. ತಿಂಗಳುಗಟ್ಟಲೆ ಹಡಗಿನ ಪ್ರಯಾಣ ಮಾಡಿ 1864ರ ಮಾರ್ಚ್‌ನಲ್ಲಿ ಹೊನೊಲುಲು ಮುಟ್ಟಿದರು. ಮತ್ತೆ ಊರು ನೋಡಲೇ ಇಲ್ಲ.

ಹವಾಯಿ ಸರ್ಕಾರ 1865ರಲ್ಲಿ ಕಾನೂನು ಮಾಡಿ ಕುಷ್ಠರೋಗಿಗಳನ್ನು ಮೊಲೊಕಾಯಿ ದ್ವೀಪದ ಒಂದು ಮೂಲೆಗೆ ಸಾಗಿಸತೊಡಗಿತ್ತು. ಮೂರು ಕಡೆ ಸಮುದ್ರ, ಹಿಂದೆ ಸುಮಾರು 2000 ಅಡಿಯ ಕಡಿದಾದ ಬೆಟ್ಟ. 1873ರಲ್ಲಿ ಬಿಷಪ್ ಕೇಳಿದಾಗ ನಾಲ್ವರು ಪಾದ್ರಿಗಳು ಸರದಿಯಂತೆ ಹೋಗಿಬರಲು ಒಪ್ಪಿದರು. ಮೊದಲ ಸರದಿ ಡೇಮಿಯನ್ ಅವರದು. ಮೇ 10ರಂದು ಇಳಿದರು. ಕೆಲವೇ ದಿನಗಳಲ್ಲಿ ಹೊನೊಲುಲು ಪತ್ರಿಕೆ ಅವರನ್ನು ವೀರ ಅಂತ ಹೊಗಳಿಬಿಟ್ಟಿತು. ಇಲ್ಲೇ ಇರ್ತೇನೆ ಅಂತ ಅವರೂ ಹಿರಿಯರಿಗೆ ಬರೆದರು. ಸರದಿಯ ಮಾತು ಅಲ್ಲಿಗೆ ಮುಗಿಯಿತು.

ಪತ್ರಿಕೆಯ ಹೊಗಳಿಕೆ ಒಂದು ದಿನದ್ದು, ಕೆಲಸ ಹದಿನಾರು ವರ್ಷದ್ದು. ಹುಣ್ಣು ತೊಳೆದು ಪಟ್ಟಿ ಕಟ್ಟಿದರು. ಮನೆ ಕಟ್ಟಿದರು, ನೀರಿನ ಪೈಪ್ ಎಳೆಸಿದರು, ಶವಪೆಟ್ಟಿಗೆ ಮಾಡಿದರು, ಗುಂಡಿಯನ್ನೂ ತೋಡಿದರು. ರೋಗಿಗಳ ಜೊತೆ ಒಂದೇ ಪಾತ್ರೆಯಲ್ಲಿ ಕೈಹಾಕಿ ಉಂಡರು. ಒಮ್ಮೆ ಅವರ ಹಿರಿಯರು ಹಡಗಿನಲ್ಲಿ ಬಂದರೂ ದಡಕ್ಕೆ ಇಳಿಯಲು ಬಿಡಲಿಲ್ಲ, ಇವರನ್ನು ಹತ್ತಲೂ ಬಿಡಲಿಲ್ಲ. ಡೇಮಿಯನ್ ದೋಣಿಯಲ್ಲಿ ನಿಂತು, ಎಲ್ಲರ ಎದುರು, ಫ್ರೆಂಚ್‌ನಲ್ಲಿ ಕೂಗಿ ತಮ್ಮ ಪಾಪನಿವೇದನೆ ಮಾಡಿದರು. ಹೆಸರಿನ ಆಸೆ ಇದ್ದವರು ಇಂಥದ್ದಕ್ಕೆ ಒಪ್ಪೋದು ಕಷ್ಟ.

ಹಾಗಂತ ಅವರೇನೂ ಸಾಧು ಸ್ವಭಾವದವರಲ್ಲ. ಮುಂಗೋಪಿ, ಹಠಮಾರಿ. ಜೊತೆಗೆ ಬಂದ ಪಾದ್ರಿಗಳ ಜೊತೆ ಹೊಂದಿಕೆ ಆಗಲಿಲ್ಲ. 1884ರ ಕೊನೆಯಲ್ಲಿ ಕುದಿಯುವಷ್ಟು ಬಿಸಿ ನೀರಿಗೆ ಕಾಲಿಟ್ಟಾಗ ಬೊಬ್ಬೆ ಎದ್ದರೂ ನೋವಾಗಲಿಲ್ಲ. ರೋಗ ಹತ್ತಿತ್ತು. ಸುದ್ದಿ ಜಗತ್ತಿಗೆಲ್ಲ ಹರಡಿತು. ಲಂಡನ್ನಿನ ಆಂಗ್ಲಿಕನ್ ಪಾದ್ರಿಯೊಬ್ಬರು ಸುಮಾರು 1000 ಪೌಂಡ್ ಚಂದಾ ಎತ್ತಿ ಕಳಿಸಿದರು. ಆಗಲೇ ಹಿರಿಯರಿಗೆ ಸಿಟ್ಟು ಬಂದದ್ದು. ಸಭೆ ಏನೂ ಮಾಡ್ತಿಲ್ಲ, ಎಲ್ಲಾ ಇವರೊಬ್ಬರೇ ಮಾಡ್ತಿದ್ದಾರೆ ಅನ್ನೋ ಹಾಗೆ ಪತ್ರಿಕೆಗಳು ಬರೀತಿದ್ದವು. ಡೇಮಿಯನ್ ಹಣವನ್ನು ರೋಗಿಗಳಿಗೆ ಖರ್ಚು ಮಾಡಿದರು. ತಮಗಾಗಿ ಕೇಳಿದ್ದು ಪಾಪನಿವೇದನೆ ಕೇಳಲು ಒಬ್ಬ ಜೊತೆಗಾರ ಪಾದ್ರಿಯನ್ನು ಮಾತ್ರ, ಅದಕ್ಕೂ ವರ್ಷಗಟ್ಟಲೆ ಕಾಯಬೇಕಾಯಿತು. ಅತ್ತ ಟ್ರೆಮೆಲೊದಲ್ಲಿ ಮಗನ ರೋಗದ ಸುದ್ದಿ ಕೇಳಿದ ತಾಯಿ 1886ರಲ್ಲಿ ತೀರಿಕೊಂಡರು.

ಅದೇ ವರ್ಷ ಅಮೆರಿಕದ ಮಾಜಿ ಸೈನಿಕ ಜೋಸೆಫ್ ಡಟ್ಟನ್ ನೆರವಿಗೆ ಬಂದರು. ಅವರ ಉದ್ದೇಶ ಮುಚ್ಚುಮರೆ ಇಲ್ಲದ್ದು: ಕುಡಿತದಲ್ಲಿ ಕಳೆದ ವರ್ಷಗಳಿಗೆ ಪ್ರಾಯಶ್ಚಿತ್ತ. ಅಂದರೆ ಬಂದದ್ದು ತಮಗಾಗಿಯೇ. ಆದರೂ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ದುಡಿದರು. ರೋಗಿಗಳಿಗೆ ಬೇಕಾಗಿದ್ದು ಪಟ್ಟಿ ಕಟ್ಟುವ ಕೈ.

1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ಡೇಮಿಯನ್ ತೀರಿಕೊಂಡರು. ಹೊನೊಲುಲುವಿನ ಪ್ರೊಟೆಸ್ಟೆಂಟ್ ಪಾದ್ರಿ ಹೈಡ್ ಅವರು, ಆತ ಕೊಳಕ, ಹಠಮಾರಿ, ಆಜ್ಞೆಯಿಲ್ಲದೆ ತಾನಾಗಿ ಹೋದವನು, ನಡತೆಯೂ ಸರಿಯಿಲ್ಲ ಅಂತ ಕಾಗದ ಬರೆದರು. ಆ ವಸಾಹತಿಗೆ ಹೋಗಿಬಂದಿದ್ದ ಕಾದಂಬರಿಕಾರ ಸ್ಟೀವನ್‌ಸನ್ 1890ರಲ್ಲಿ ಬಹಿರಂಗ ಪತ್ರದ ಮೂಲಕ ಖಾರವಾಗಿ ಉತ್ತರ ಕೊಟ್ಟರು. ಗಮನಿಸಬೇಕಾದ್ದು, ಡೇಮಿಯನ್ ಅವರಲ್ಲಿ ದೋಷಗಳೇ ಇಲ್ಲ ಅಂತ ಸ್ಟೀವನ್‌ಸನ್ ವಾದಿಸಲಿಲ್ಲ.

2009ರಲ್ಲಿ ಸಂತ ಪದವಿ ಬಂತು. ಅದಕ್ಕಿಂತ ಎಷ್ಟೋ ಮೊದಲು, 1895ರಲ್ಲಿ, ಜ್ವರದಿಂದ ಹಿಂದೆ ಉಳಿದಿದ್ದ ಅಣ್ಣ ಪ್ಯಾಂಫಿಲ್ ಕೊನೆಗೂ ಮೊಲೊಕಾಯಿಗೆ ಬಂದರು. ವಯಸ್ಸಾಗಿತ್ತು. ಎರಡು ವರ್ಷದಲ್ಲಿ ಬೆಲ್ಜಿಯಂಗೆ ವಾಪಸ್ ಹೊರಟರು.