ಕೆರೆ ದುರಸ್ತಿಯ ದುಡ್ಡು ಮತ್ತು ಮನ್ರೋ ಸಾಹೇಬ

ರಾಯದುರ್ಗ, ಮಡಕಶಿರಾ, ಆದವಾನಿ ಸೀಮೆಯ ಹಿರಿಯರಿಗೆ ಥಾಮಸ್ ಮನ್ರೋ ಹೆಸರು ಹೊಸದಲ್ಲ. ಮಠದ ಜಮೀನಿನ ವಿಚಾರಣೆಗೆ ಮಂತ್ರಾಲಯಕ್ಕೆ ಹೋದಾಗ ರಾಯರು ಬೃಂದಾವನದಿಂದ ಎದ್ದು ಬಂದು ಆತನ ಜೊತೆ ಮಾತಾಡಿದರು ಅನ್ನೋ ಕಥೆ ಮನೆಮನೆಯಲ್ಲಿದೆ. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟವರೂ ಉಂಟು. ಕಥೆ ಹಾಗಿರಲಿ. ಕೆರೆ ಬಾವಿಗಳ ದುರಸ್ತಿಗೆ ದುಡ್ಡು ಎಲ್ಲಿಂದ ಬರಬೇಕು, ಸರ್ಕಾರಿ ಕೆಲಸ ಹೇಗೆ ಚುರುಕಾಗಬೇಕು ಅಂತ ಆತ ಹಾಕಿದ ಲೆಕ್ಕ ಒಂದಿದೆ. ಅದನ್ನ ಬೇಸಾಯಗಾರರು ತಿಳಿದಿರಬೇಕು.

ಮನ್ರೋ ಹುಟ್ಟಿದ್ದು 1761ರ ಮೇ 27ರಂದು, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ತಂದೆ ವ್ಯಾಪಾರಿ. 1780ರಲ್ಲಿ ಕಂಪನಿ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದ. ಹೈದರ್ ಮತ್ತು ಟಿಪ್ಪುವಿನ ಮೇಲಿನ ಯುದ್ಧಗಳಲ್ಲಿದ್ದ. 1792ರಿಂದ ಏಳು ವರ್ಷ ಬಾರಾಮಹಲಿನಲ್ಲಿ ಕರ್ನಲ್ ರೀಡ್ ಕೈಕೆಳಗೆ ಕಂದಾಯದ ಕೆಲಸ ಕಲಿತ. ಆಮೇಲೆ ಸ್ವಲ್ಪ ಕಾಲ ಕೆನರಾದ ಕಲೆಕ್ಟರಾಗಿದ್ದ.

1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ, ಅನಂತಪುರ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ನಮ್ಮ ಸೀಮೆಗೆ ದತ್ತ ಮಂಡಲ ಅನ್ನೋ ಹೆಸರು ಬಂತು. ಮನ್ರೋ ಇದರ ಮುಖ್ಯ ಕಲೆಕ್ಟರಾಗಿ ಅನಂತಪುರಕ್ಕೆ ಬಂದ. ಕೈಕೆಳಗೆ ನಾಲ್ಕು ಮಂದಿ ಸಹಾಯಕರು. ಅವರಲ್ಲಿ ಥ್ಯಾಕರೆ ಎಂಬಾತ ಆದವಾನಿಯಲ್ಲಿದ್ದ. ಊರೂರಿಗೆ ಪಾಳೇಗಾರರ ಕಾಟ, ದಂಡಿನ ಕಾಟ, ಹಾಳುಬಿದ್ದ ಹೊಲ. ಪಾಳೇಗಾರರನ್ನು ಆತ ಗಟ್ಟಿ ಕೈಯಿಂದಲೇ ಅಡಗಿಸಿದ. ಕಚೇರಿಯಲ್ಲಿ ಕೂತವನಲ್ಲ. ಡೇರೆ ಹಾಕಿಕೊಂಡು ಊರಿಂದ ಊರಿಗೆ ತಿರುಗುತ್ತಾ ರೈತರ ಜೊತೆ ತಾನೇ ಮಾತಾಡಿ ಕಂದಾಯ ಗೊತ್ತುಮಾಡುತ್ತಿದ್ದ.

1802ರಲ್ಲಿ ಹೊಲಗಳ ಅಳತೆ ಶುರುವಾಯಿತು. 33 ಅಡಿ ಸರಪಳಿ. ಆ 33 ಅಡಿ ಚೌಕವೇ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಅಳೆಯುವವರಿಗೆ ಮೊದಲು ತಿಂಗಳ ಸಂಬಳವಿತ್ತು. ಆಮೇಲೆ ಮನ್ರೋ ಅದನ್ನ ಬದಲಾಯಿಸಿ, ಅಳೆದ ಎಕರೆ ಲೆಕ್ಕದಲ್ಲಿ ಕೂಲಿ ಕೊಟ್ಟ. ಕೆಲಸ ಬೇಗ ಸಾಗಿತು. ಆದರೆ ಆ ಅಳತೆಯನ್ನು ತಿರುಗಿ ಪರೀಕ್ಷೆ ಮಾಡುವವರಿಗೆ ಮಾತ್ರ ತಿಂಗಳ ಸಂಬಳವನ್ನೇ ಇಟ್ಟ. ಯಾಕಂದರೆ ಪರೀಕ್ಷೆ ಮಾಡುವವನಿಗೆ ಅವಸರ ಇರಬಾರದು. ಕೆಲಸ ಮಾಡುವವನಿಗೆ ಒಂದು ಲೆಕ್ಕ, ತಪಾಸಣೆ ಮಾಡುವವನಿಗೆ ಇನ್ನೊಂದು ಲೆಕ್ಕ. ಇಷ್ಟು ಸರಳ ಮಾತು ಇವತ್ತಿನ ಕಾಮಗಾರಿಗಳಿಗೂ ಹೊಂದುತ್ತದೆ.

ಆಮೇಲೆ ಕೆರೆಯ ಮಾತು. ನಮ್ಮದು ಮಳೆ ಕಮ್ಮಿ ಸೀಮೆ. ಕೆರೆ ಏರಿ ನಿಂತರೆ ತರಿ ಜಮೀನು, ಒಡೆದರೆ ಬರೀ ಕಲ್ಲು ಮಣ್ಣು. ಹೊಸ ಕೆರೆ ಕಟ್ಟುವ ಆಸೆ ಮನ್ರೋಗೆ ಹೆಚ್ಚಿರಲಿಲ್ಲ. ಕೆರೆಗೆ ಲಾಯಕ್ಕಾದ ಜಾಗ ಯಾವುದನ್ನೂ ಇಲ್ಲಿಯ ಹಿಂದಿನವರು ಬಿಟ್ಟಿಲ್ಲ ಅನ್ನೋದು ಆತ ಕಂಡುಕೊಂಡ ಸತ್ಯ. ಹಾಗಾದರೆ ಇರುವುದನ್ನ ಕಾಪಾಡೋದು ಹೇಗೆ? ಕೆರೆ ಕಟ್ಟಿದವನಿಗೆ, ರಿಪೇರಿ ಮಾಡಿಸುವವನಿಗೆ ದಶಬಂಧ ಇನಾಮು ಬಿಡುವ ಪದ್ಧತಿ ನಮ್ಮಲ್ಲಿ ಹಳೇದು. ಮನ್ರೋ ಹಾಕಿದ ಲೆಕ್ಕವೂ ಅದೇ ದಾರಿಯದು.

1807ರ ಆಗಸ್ಟ್‌ನಲ್ಲಿ ಆತ ಸರ್ಕಾರಕ್ಕೆ ಬರೆದು ಕಳಿಸಿದ ಸಲಹೆಯ ಸಾರ ಇಷ್ಟು. ಎಲ್ಲಾ ಜಮೀನಿನ ಕಂದಾಯದಲ್ಲಿ ನೂರಕ್ಕೆ 25 ಇಳಿಸಬೇಕು. ಬಾವಿ ನೀರಿನ ಜಮೀನಿಗೆ, ಹೊಳೆ ಹಳ್ಳದಿಂದ ನೀರೆತ್ತುವ ಜಮೀನಿಗೆ ಇನ್ನೂ 8 ಬಿಡಬೇಕು, ಅಂದರೆ ಒಟ್ಟು 33. ಆದರೆ ಬಾವಿ, ಕಟ್ಟೆಗಳ ದುರಸ್ತಿ ರೈತರದ್ದೇ. ಸಣ್ಣ ಕೆರೆಗಳ ದುರಸ್ತಿ ಖರ್ಚು ಹೊರಲು ಒಪ್ಪಿದ ರೈತರಿಗೂ ಅದೇ ರಿಯಾಯಿತಿ. ದುಡ್ಡನ್ನ ಖಜಾನೆಗೆ ಕಟ್ಟಿಸಿಕೊಂಡು, ಅಂದಾಜುಪಟ್ಟಿ ಬರೆಸಿ, ಮಂಜೂರಿಗೆ ಕಾದು, ಆಮೇಲೆ ಊರಿಗೆ ವಾಪಸ್ಸು ಕಳಿಸುವ ಬದಲು, ಅಷ್ಟನ್ನ ಮೊದಲೇ ರೈತನ ಕೈಯಲ್ಲಿ ಬಿಡೋದು.

ಸರ್ಕಾರ ಒಪ್ಪಲಿಲ್ಲ. ಆ ಏಳು ವರ್ಷಗಳಲ್ಲಿ ಕಂದಾಯದ ವಸೂಲಿ ಸುಮಾರು ಒಂದೂವರೆ ಪಟ್ಟಾಗಿತ್ತು. ಅದನ್ನ ಬಿಟ್ಟುಕೊಡೋಕೆ ಯಾರಿಗೂ ಮನಸ್ಸಿರಲಿಲ್ಲ. ಇಲ್ಲಿ ಮನ್ರೋನನ್ನ ಬರೀ ಹೊಗಳಿದರೆ ತಪ್ಪಾಗುತ್ತದೆ. ಆ ವಸೂಲಿ ಏರಿಸಿದವನೂ ಆತನೇ. ಭಾರ ಹೆಚ್ಚಾಯಿತು, ಇಳಿಸಬೇಕು ಅಂತ ಬರೆದವನೂ ಆತನೇ. 1807ರಲ್ಲಿ ಆತ ಸ್ವದೇಶಕ್ಕೆ ಹೋದ ಮೇಲೆ ಊರುಗಳನ್ನು ಗುತ್ತಿಗೆಗೆ ಕೊಟ್ಟರು, ಮೊದಲು ಮೂರು ವರ್ಷಕ್ಕೆ, ಆಮೇಲೆ ಹತ್ತು ವರ್ಷಕ್ಕೆ. ಗುತ್ತಿಗೆದಾರರು ಎಷ್ಟೋ ಮಂದಿ ಹಾಳಾದರು, ಊರುಗಳೂ ಸೊರಗಿದವು.

1820ರಲ್ಲಿ ಮನ್ರೋ ಮದರಾಸಿನ ಗವರ್ನರಾಗಿ ಬಂದ. ರೈತವಾರಿ ಪದ್ಧತಿ ನಮ್ಮ ಸೀಮೆಗೆ ಮರಳಿತು, ತಾನು ಹಿಂದೆ ಕೇಳಿದ್ದ ಕಂದಾಯದ ಇಳಿಕೆಯನ್ನ ತಾನೇ ಜಾರಿಗೆ ತಂದ. 1824ರ ಕೊನೆಗೆ ಬರೆದ ಟಿಪ್ಪಣಿಯಲ್ಲಿ ಈ ದೇಶದವರಿಗೆ ದೊಡ್ಡ ಹುದ್ದೆ ಕೊಡಬೇಕೆಂದ. ಸಂಬಳ ಕಮ್ಮಿ ಕೊಟ್ಟು ಪ್ರಾಮಾಣಿಕತೆ ಕೇಳಿದರೆ ಸಿಗದು ಅನ್ನೋದು ಆತನ ಅಭಿಪ್ರಾಯ.

1827ರಲ್ಲಿ ಊರಿಗೆ ಹೊರಡುವ ಮುಂಚೆ ದತ್ತ ಮಂಡಲವನ್ನ ಕಡೆಯ ಸಲ ನೋಡೋಕೆ ಬಂದ. ಜುಲೈ 6ರಂದು ಪತ್ತಿಕೊಂಡದಲ್ಲಿ ಕಾಲರಾ ಬಂದು ಅದೇ ದಿನ ತೀರಿಕೊಂಡ. ಗುತ್ತಿಯಲ್ಲಿ ಹೂತರು, ಆಮೇಲೆ ಮದರಾಸಿನ ಕೋಟೆಯ ಚರ್ಚಿಗೆ ಸಾಗಿಸಿದರು. ಪತ್ತಿಕೊಂಡದಲ್ಲಿ ಆತನ ನೆನಪಿಗೆ ತೋಪು ನೆಟ್ಟು, ಕಲ್ಲು ಮೆಟ್ಟಿಲ ಬಾವಿ ಕಟ್ಟಿದರು.

1953ರಲ್ಲಿ ಬಳ್ಳಾರಿ ಮೈಸೂರಿಗೆ ಹೋಯಿತು, ಆದವಾನಿ, ರಾಯದುರ್ಗ ಆಂಧ್ರದಲ್ಲಿ ಉಳಿದವು. 1997ರಲ್ಲಿ ಆಂಧ್ರ ಸರ್ಕಾರ ಕಾನೂನು ಮಾಡಿ ಕೆರೆ ಕಾಲುವೆಗಳ ಉಸ್ತುವಾರಿಗೆ ರೈತರ ಸಂಘಗಳನ್ನ ಏರ್ಪಡಿಸಿತು. ಗಡಿಯ ಆ ಕಡೆಯಾಗಲಿ ಈ ಕಡೆಯಾಗಲಿ, ತೂಬು ಸೋರಿದಾಗ ಬೇಕಾಗೋದು ಒಂದೇ. ಮುಂಗಾರಿಗೆ ಮುಂಚೆ ನಾಲ್ಕು ಗಾಡಿ ಮಣ್ಣು ಹಾಕಿಸುವಷ್ಟು ದುಡ್ಡು ಊರಲ್ಲೇ ಇರಬೇಕು, ಅದರ ಲೆಕ್ಕ ಕೇಳೋಕೆ ಅವಸರವಿಲ್ಲದ ಒಬ್ಬ ಮನುಷ್ಯನೂ ಇರಬೇಕು.